ಕಾಲಬಳಿಯ ಎರಡು

ತುಜ್ಲಾದಲ್ಲಿ ಆ ಚಳಿಗಾಲ ಶಾಲೆಗೆ ಕರೆಂಟಿರಲಿಲ್ಲ.
ಮುರಿದ ಬೆಂಚನ್ನೇ ಒಲೆಗೆ ಹಾಕಿ
ಕೋಟು ಬಿಚ್ಚದೆ ಪಾಠ ಮಾಡುತ್ತಿದ್ದರು ಬೆಹಿಯಾ ಟೀಚರ್.
ಕಪಾಟಿನಲ್ಲಿ ಉಳಿದದ್ದು
ಚಿಟಿಕೆ ಸೀಸದ ನೈಟ್ರೇಟ್,
ತಳ ಕಾಣುವ ಸೀಸೆಯಲ್ಲಿ ಪೊಟ್ಯಾಸಿಯಂ ಅಯೋಡೈಡ್.
"ಒಂದೇ ಸಲಕ್ಕೆ ಆಗುವಷ್ಟಿದೆ.
ಮೊದಲು ಹಲಗೆಯ ಮೇಲೆ ಸರಿದೂಗಿಸಿ,
ಆಮೇಲೆ ನೀರಿಗೆ."

ನನ್ನ ಸರದಿ. ಕಿರುಬೆರಳಷ್ಟು ಸೀಮೆಸುಣ್ಣ.
ಎಡಕ್ಕೆ ಒಂದು ಅಯೋಡಿನ್, ಬಲಕ್ಕೆ ಎರಡು.
ಹಿಂದೆ ಯಾರೋ ನಕ್ಕರು.
ತಟ್ಟನೆ ಅಂಗೈಯಿಂದ ಒರೆಸಿಬಿಟ್ಟೆ
ಅಯೋಡಿನ್ನಿನ ಕಾಲಬಳಿ ಕೂತಿದ್ದ
ಆ ಪುಟ್ಟ ಎರಡನ್ನು.
ಲೆಕ್ಕ ಕೂಡಿತು. ನೈಟ್ರೇಟಿನ ಕಡೆ ನಾನಿನ್ನೂ ನೋಡಿರಲಿಲ್ಲ.

ಟೀಚರ್ ಬೈಯಲಿಲ್ಲ. ಬಂದು, ಅಳಿಸಿದ ಜಾಗ ಮುಟ್ಟಿದರು.
"ಮೆವ್ಲುದಿನ್, ಇಂಥದೊಂದು ವಸ್ತು ಲೋಕದಲ್ಲಿಲ್ಲ.
ಲೆಕ್ಕ ಕೂಡಲೆಂದು ಇಲ್ಲದ್ದನ್ನು ಹುಟ್ಟಿಸಿದೆ.
ಕಾಲಬಳಿಯ ಅಂಕಿ ಅವರವರ ಹುಟ್ಟು, ಮುಟ್ಟಬಾರದು.
ಎಷ್ಟು ಜನ ಬಂದರು ಅನ್ನುವುದನ್ನಷ್ಟೇ
ಬಾಗಿಲಲ್ಲಿ ನಿಂತು, ಮುಂದೆ ಬರೆದುಕೋ."

ಅಜ್ಜ ನೆನಪಾದ. ಉಪ್ಪುಬಾವಿಯ ಪಂಪಿನವನು.
ನೀರಿಳಿಸಿ, ಉಪ್ಪು ಕರಗಿಸಿ, ಮೇಲೆತ್ತಿ
ನಲವತ್ತು ವರ್ಷ ರಿಜಿಸ್ಟರಿನಲ್ಲಿ ಟನ್ನು ಟನ್ನು ಬರೆದವನು.
ಬಲಗಡೆಯ ಕಾಲಂ ತುಂಬಿತ್ತು. ಎಡಗಡೆ
ನಮ್ಮ ಬೀದಿ ಇಳಿಯುತ್ತಿತ್ತು:
ಮೊದಲು ಹೊಸ್ತಿಲು, ಆಮೇಲೆ ಬೇಕರಿ, ಆಮೇಲೆ ಇಡೀ ಓಣಿ.
ಉಪ್ಪು ತಿಂದವರು ನೀರು ಕುಡಿಯಲೇಬೇಕು, ಸರಿ.
ನಮ್ಮೂರಲ್ಲಿ ನೀರೇ ಉಪ್ಪು ತಿಂದಿತ್ತು,
ಕುಸಿದದ್ದು ಮನೆಗಳು.
ಆ ಸಾಲು ಅಜ್ಜನ ರಿಜಿಸ್ಟರಿನಲ್ಲಿರಲಿಲ್ಲ.

ಮತ್ತೆ ಬರೆದೆ. ಪೊಟ್ಯಾಸಿಯಂ ಅಯೋಡೈಡಿನ ಮುಂದೆ ಎರಡು.
ಕೂಡಲೇ ಬಲಗಡೆ
ಪೊಟ್ಯಾಸಿಯಂ ನೈಟ್ರೇಟಿಗೂ ಎರಡು ಬೇಕಾಯಿತು.
ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರು ಕೈಚಾಚುತ್ತಾರೆ.
ಕೊಟ್ಟೆ.

ಸುರಿದರು. ನೀರಿನಂಥ ನೀರೆರಡು ಸೇರಿ
ಹಳದಿ!
ತಿಂಗಳುಗಟ್ಟಲೆ ಬೂದಿಬಣ್ಣವನ್ನೇ ಕಂಡ ನಮಗೆ
ಹೆಸರೇ ಮರೆತುಹೋದಂಥ ಹಳದಿ.
ಮೊಟ್ಟೆಯ ನೆನಪಾಗಿ ಸಲಿಹಾ ಎಂಜಲು ನುಂಗಿದಳು.
ಪೊಟ್ಯಾಸಿಯಂ, ನೈಟ್ರೇಟ್ ಮಾತ್ರ
ಯಾರ ಗೊಡವೆಗೂ ಹೋಗದೆ ನೀರಲ್ಲೇ ಉಳಿದವು,
ಕಿಟಕಿಯ ಹಿಂದಿನ ನೆರೆಯವರಂತೆ.

ಟೀಚರ್ ಪ್ರನಾಳವನ್ನು ಒಲೆಗೆ ಹಿಡಿದರು.
ಬಿಸಿಯೇರಿತು, ಬಣ್ಣ ಮಾಯ.
ಅಯ್ಯೋ, ಎಂದೆವು.
"ಎಲ್ಲಿಗೆ ಹೋಗುತ್ತೆ? ಎಣಿಸಿದ್ದೀರಲ್ಲ," ಎನ್ನುತ್ತಾ
ಗಾಜಿಲ್ಲದ ಕಿಟಕಿಯ ಪ್ಲಾಸ್ಟಿಕ್ ಸರಿಸಿ
ಹಿಮಕ್ಕೆ ಕೈ ಚಾಚಿದರು.

ಅವರ ಬೆರಳು ಮೊದಲು ಕೆಂಪಾಯಿತು, ಆಮೇಲೆ ಬಿಳಿ.
ಕಾದೆವು.
ಹೊಳೆಯುವ ಒಂದು ಚಕ್ಕೆ.
ಮತ್ತೊಂದು.