ಹೊಲಿಗೆಗೆ ಬಿಟ್ಟ ಜಾಗ

ಜೀನ್ಸಿನ ಚೂರುಗಳನ್ನು ಮೊಣಕೈಯಿಂದ ಸರಿಸಿ
ನನ್ನ ಕಟಿಂಗ್ ಮೇಜಿನ ಮೇಲೇ
ಗಾದಿಲಿಂಗ ನಕಾಶೆ ಹಾಸಿದ.
"ಇದು ಹಾಲ್ ರೀ ಅಕ್ಕಾರ, ಇವು ಮೆಟ್ಲು,
ಕೆಳಗ ನಿಮ್ಮ ಮಶೀನು. ಪಡುವಲಕ್ಕ ಪೂರಾ ಗಾಜು."

ಇಪ್ಪತ್ತೆರಡು ವರ್ಷ ಕಾಗದದಲ್ಲಿ
ಸೊಂಟ, ತೊಡೆ, ಯಾರದೋ ಮಂಡಿ ಕಂಡವಳು ನಾನು.
ಮನೆ ಮಾತ್ರ ಕಾಣಲೊಲ್ಲದು.
ಕೇಳಿದೆ:
"ಹೊಲಿಗೆಗೆ ಎಷ್ಟು ಬಿಟ್ಟೀಯಪ್ಪಾ?"

ನಕ್ಕ. ಆಮೇಲೆ ಸ್ಕೇಲು ಹುಡುಕಿದ.
ಗೋಡೆಗೆ ಗಿಲಾವು ಬಳಿದ ಮೇಲೆ
ಮಶೀನು ಒಳಗೆ ಹೋಗುವ ದಾರಿ
ಮೂರು ಬೆರಳು ಕಡಿಮೆ.
ಅಳಿಸಿದ. ರಬ್ಬರಿನ ಪುಡಿ ಊದಿದ,
ನಾನು ಸೀಮೆಸುಣ್ಣ ಊದುವ ಹಾಗೇ.

ಗಾಜಿಗೆ ಮಾತ್ರ ಜಗಳ, ಎರಡು ವಾರ.
ಕಡೆಗೆ ಏಪ್ರಿಲ್ ಮಧ್ಯಾಹ್ನ ಮೂರಕ್ಕೆ
ಖಾಲಿ ಸೈಟಿಗೆ ಕರೆದು
ಪಡುವಲಕ್ಕೆ ಮುಖ ಮಾಡಿ ನಿಲ್ಲಿಸಿದೆ.
ಬಳ್ಳಾರಿ ಗುಡ್ಡ ಕಾದು
ನಮ್ಮ ಮೇಲೇ ಉಸಿರು ಬಿಡುತ್ತಿತ್ತು.
ಕರ್ಚೀಫು ತೆಗೆದ. ಏನೂ ಅನ್ನಲಿಲ್ಲ.
ಮರುದಿನ ಗಾಜಿದ್ದಲ್ಲಿ ಇಟ್ಟಿಗೆಯ ಜಾಲರಿ.

ಬಡಗಲ ಕಿಟಕಿ ನಾನು ಕೇಳಿದ್ದಲ್ಲ.
ನನ್ನ ಸೂಜಿಯ ಎತ್ತರ ಟೇಪು ಹಿಡಿದು ಅಳೆದು
ಅವನೇ ಇಟ್ಟ:
"ಆ ಬೆಳಕಿನ್ಯಾಗ ನೀಲಿ ನೀಲಿನ ಕಾಣ್ತೈತಿ ರೀ."
ಟ್ಯೂಬ್‌ಲೈಟಿನ ಕೆಳಗೆ ಎಷ್ಟು ಸಲ
ಕರಿ ದಾರ ಪೋಣಿಸಿ ಬಿಚ್ಚಿದ್ದೇನೋ,
ಅವನಿಗೆ ಯಾರು ಹೇಳಿದರು?

ಇವತ್ತು ಹುಸೇನಪ್ಪ ಮೇಸ್ತ್ರಿ
ದಾರ ಬಿಗಿದು ಸುಣ್ಣದ ಪುಡಿ ಉದುರಿಸಿದ.
ಮಣ್ಣಿನ ಮೇಲೆ ಬಿಳೀ ಗೆರೆ ಅಷ್ಟೇ.
ಆದರೂ ಮೂವರೂ ಸುತ್ತು ಹಾಕಿ
ಬಾಗಿಲಿನಿಂದಲೇ ಒಳಗೆ ಹೋದೆವು.
ಗಾದಿಲಿಂಗ ಚಪ್ಪಲಿ ಹೊರಗೆ ಬಿಟ್ಟಿದ್ದ.
ನೆಲ ಸುಡುತ್ತಿತ್ತು.
ಒಂದು ಕಾಲೆತ್ತಿ ಒಂದು ಕಾಲಿಟ್ಟು
ಕಿಟಕಿ ಬರುವ ಕಡೆ ಕೈ ತೋರಿಸುತ್ತಿದ್ದ.