ಜೋಡಿ

ಗರಡಿಯ ಒಡೆದ ಕರೇಲವನ್ನು ಗೋಣಿಯಲ್ಲಿ ಸುತ್ತಿ ತಂದರು
ಪೈಲ್ವಾನ್ ಬರಮಪ್ಪ.
ನೆತ್ತಿಯಿಂದ ನಡುವಿನ ತನಕ ಸೀಳು,
ಹಿಡಿ ಮಾತ್ರ ಬೆವರು ಕುಡಿದು ಕನ್ನಡಿ.
‘ಇದರಲ್ಲೇ ಆಗಬೇಕು,’ ಅಂದರು,
‘ಅಂಗಡಿಯ ಹೆಡ್‌ಫೋನು ಎಡಗಿವಿಗೆ ಕೂರೋದಿಲ್ಲ.’

ಎಡಗಿವಿ ಅಂದರೆ
ಯಾರೋ ಹಿಸುಕಿ ಮರೆತ ಉಂಡೆ.
ಮಡಿಕೆ ಇಲ್ಲ, ಸುಳಿ ಇಲ್ಲ,
ಕೆಮ್ಮಣ್ಣಲ್ಲಿ ಉಜ್ಜಿ ಉಜ್ಜಿ
ತೂತೊಂದು ಉಳಿದಿದೆ, ಅದೂ ಓರೆ.

ಟೇಪು ಹಿಡಿದರೆ ಅಳತೆ ಸಿಗದು.
ಮನೆಗೆ ಓಡಿ ಚಪಾತಿ ಹಿಟ್ಟು ತಂದೆ.
ಒತ್ತಿ ಹಿಡಿದು ನೂರು ಎಣಿಸುವಷ್ಟು ಹೊತ್ತು
ಕಣ್ಣು ಮುಚ್ಚಿ ಕೂತಿದ್ದರು, ಕ್ಷೌರಕ್ಕೆ ಕೂತ ಹಾಗೆ.
‘ಉಪ್ಪು ಹಾಕಿದೀಯೇನವ್ವ?’
‘ಹೂಂ.’

ಸಾಬ್‌ಜಾನ್ ಚಾಚಾನ ಲೇತಿನಲ್ಲಿ
ಇಷ್ಟು ವರ್ಷ ಲಟ್ಟಣಿಗೆ, ಮಂಚದ ಕಾಲು, ಬುಗುರಿ.
ಕಿವಿಗೆ ಬಟ್ಟಲು ಕಡೆಯುವುದು ಇದೇ ಮೊದಲು.
ಮರ ಸುತ್ತುತ್ತ ಮೇಲಿನ ಕಪ್ಪು ಕಳಚಿ
ಒಳಗಿನ ಹಲಸು ಅರಿಶಿನವಾಗಿ ಸಿಡಿಯಿತು
ಚಾಚಾನ ಗಡ್ಡದ ತುಂಬ.
ಗೋಡೆ ನಾಲ್ಕು ಮಿಲಿಮೀಟರು.
ಐದಾದರೆ ಕತ್ತು ನೋಯುತ್ತದೆ, ಮೂರಾದರೆ ದನಿ ಒದರುತ್ತದೆ.
ಎಡದ್ದರ ಅಂಚು ಮಾತ್ರ ಅಂಕುಡೊಂಕು,
ಹಿಟ್ಟು ಹೇಳಿದ ಹಾಗೆ.

ತಲೆಪಟ್ಟಿಗೆ ಹಳೆಯ ಗರಗಸದ ಅಲಗು,
ಹಲ್ಲು ಉಜ್ಜಿ ತೆಗೆದದ್ದು, ಮೇಲೆ ಕುರಿದೊಗಲು.
ಡ್ರೈವರು ಕೂರಿಸಿ, ಬೆಸುಗೆ ಹಾಕಿ,
ಹಿಂದೆ ಬೂರುಗದ ಅರಳೆ ತುರುಕಿ ಕೇಳಿದೆ:
ಎಡದಲ್ಲಿ ಕೊಡ ತುಂಬುವ ಸದ್ದು.
ಅರಳೆ ತೆಗೆದೆ. ಹಾಕಿದೆ. ಚಿಟಿಕೆ ಚಿಟಿಕೆ.
ಸವಳಂಗ ರಸ್ತೆಯ ಗೇಟು ಬಿದ್ದಾಗಲೆಲ್ಲ ಕೈ ಬಿಟ್ಟು
ರೈಲು ದಾಟಲಿ ಅಂತ ಕಾದು, ಮತ್ತೆ.
ಮೂರು ವಾರಕ್ಕೆ ಎರಡೂ ಒಂದೇ ಮಾತಾಡಿದವು.

ಪೈಲ್ವಾನರು ಬಂದು ತಲೆಗೇರಿಸಿದರು.
ಸಿಳ್ಳಿನಂಥ ದನಿಯೊಂದನ್ನು ಬಿಟ್ಟೆ, ತಗ್ಗಿನಿಂದ ಮೇಲಕ್ಕೆ.
ಕೇಳುವ ತನಕ ಕೈ ಎತ್ತಿರಿ, ಅಂದೆ.
ಬಲಗೈ ಬಹಳ ಹೊತ್ತು ನಿಂತಿತು.
ಎಡಗೈ ಅರ್ಧದಲ್ಲೇ ತೊಡೆಗೆ ಇಳಿಯಿತು.

ಬಿಚ್ಚಿದೆ. ತಂತಿ ನೋಡಿದೆ. ಬೆಸುಗೆ ನೋಡಿದೆ.
‘ಅದರಲ್ಲಿ ಏನಿಲ್ಲ, ಬಿಡವ್ವ.
ಭದ್ರಾವತಿಯ ಒಬ್ಬನ ಮೊಣಕಾಲು ಇದೆ ಅಲ್ಲಿ, ಎಂಬತ್ತೆಂಟರಿಂದ.
ನೀನು ಬಲದ್ದನ್ನ ಒಂಚೂರು ಮಂಕು ಮಾಡು.
ಜೋಡಿ ಅಂದ ಮೇಲೆ ಸಮ ತೂಗಬೇಕು,
ಇಲ್ಲ ಅಂದ್ರೆ ಭುಜ ಹೋಗ್ತದೆ.’

ಮೂರು ವಾರ ಬಿಡಿಸಿ ತೆಗೆದ ದನಿಯ ಬಾಯಿಗೆ
ನಾನೇ ಅರಳೆ ಒತ್ತಿದೆ.
ಒಂದು ಚಿಟಿಕೆ. ತಲೆ ಆಡಿಸಿದರು. ಇನ್ನೊಂದು.
‘ಸಾಕು.’

ಹಾಡು ಹಾಕಲಾ, ಕೇಳಿದೆ.
ಬೇಡ, ಆ ಸಿಳ್ಳೇ ಇನ್ನೊಂದು ಸಲ.
ಈ ಸಲ ಎರಡೂ ಕೈ ಒಟ್ಟಿಗೇ ಇಳಿದವು,
ವರಸೆ ಮುಗಿಸಿ
ಕರೇಲದ ಜೋಡಿ ನೆಲಕ್ಕಿಟ್ಟ ಹಾಗೆ.

ಹಿಟ್ಟಿನ ಕಿವಿ ಈಗಲೂ ಗಲ್ಲಾಪೆಟ್ಟಿಗೆಯ ಮೇಲಿದೆ, ಬಿಸ್ಕತ್ತಿನಷ್ಟು ಗಟ್ಟಿ.
ಉಪ್ಪಿನ ದೆಸೆಯಿಂದಲೋ ಏನೋ ಇರುವೆ ಮುಟ್ಟಿಲ್ಲ.
ಬಾಕಿ ಆರುನೂರು ಬರಬೇಕು ಅಂತ
ಚಾಚಾ ಆಗಾಗ ಅದಕ್ಕೇ ಹೇಳುತ್ತಾರೆ,
ಸ್ವಲ್ಪ ಜೋರಾಗಿ.