ಮುಖ ನೋಡದೆ

ಇಪ್ಪತ್ತಾರು ವರ್ಷದಿಂದ ಕಟ್ಟುಹಲ್ಲು ಮಾಡುತ್ತಿದ್ದೇನೆ,
ಕುತೈಸಿಯಲ್ಲಿ, ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ.
ಇಲ್ಲಿಗೆ ಬಾಯಿಗಳು ಬರುತ್ತವೆ, ಮುಖಗಳು ಬರುವುದಿಲ್ಲ.
ಒಂದು ಗಚ್ಚಿನ ಅಚ್ಚು, ಒಂದು ಚೀಟಿ,
ಚೀಟಿಯಲ್ಲಿ ನಂಬರು, ಪಕ್ಕದಲ್ಲಿ ಬಣ್ಣ:
ಚಹಾ ಕುಡಿಯುವವರ ಹಳದಿ.

ಅಷ್ಟು ಸಾಕು.
ಈತ ರಾತ್ರಿಯೆಲ್ಲ ಹಲ್ಲು ಕಡಿಯುತ್ತಾನೆ,
ಹಗಲೆಲ್ಲ ಯಾರೆದುರೋ ಹಲ್ಲುಗಿಂಜುತ್ತಾನೆ.
ಈಕೆ ದರ್ಜಿ, ದಾರ ಕಚ್ಚಿ ಕಚ್ಚಿ ಹಲ್ಲಿನಂಚಿಗೆ ಗೀರು.
ಈ ಮುದುಕ ಎಡಗಡೆಯಲ್ಲೇ ಅಗಿಯುತ್ತಾನೆ,
ಬಲಗಡೆಯ ಮೇಲೆ ಏನು ಮುನಿಸೋ.

ನನ್ನನ್ನು ಕೇಳಿದರೆ
(ಯಾರೂ ಕೇಳುವುದಿಲ್ಲ, ಆದರೂ)
ಕೆಲಸವನ್ನು ಪ್ರೀತಿಸಬೇಕು ಅನ್ನುವುದೆಲ್ಲ ಬೊಗಳೆ.
ಒಂದೇ ವಠಾರದ ಬಾಡಿಗೆದಾರರ ಹಾಗಿದ್ದರೆ ಆಯಿತು:
ಮೆಟ್ಟಿಲಲ್ಲಿ ಎದುರಾದಾಗ ದಾರಿ ಬಿಡುವುದು,
ಒಬ್ಬರ ಪಾತ್ರೆಯ ಮುಚ್ಚಳ ಇನ್ನೊಬ್ಬರು ತೆಗೆಯದಿರುವುದು.

ಇನ್ನೊಂದು.
ಮೆಕ್ಕೆಜೋಳದ ರೊಟ್ಟಿಯನ್ನು ಬಿಸಿಯಿದ್ದಾಗಲೇ ಕೈಯಲ್ಲಿ ಮುರಿಯಬೇಕು.
ಚಾಕು ಹಾಕಿದವರನ್ನು
ನಾನು ಎರಡನೇ ಸಲ ಮನೆಗೆ ಕರೆದಿಲ್ಲ.

ನನ್ನ ಗಂಡ ನುಗ್ಜಾರ್
ಹಿಪ್ಪುನೇರಳೆ ಮರದಡಿ ಪಕ್ಕದ ಮನೆಯ ಬೊಂಡೋ ಜೊತೆ
ದಾಳ ಉರುಳಿಸುತ್ತಾನೆ, ದಿನಾ ಸಂಜೆ, ದಿನಾ ಸೋಲು.
ಸೋತು ಸಿಳ್ಳೆ ಹಾಕುತ್ತಾ ಬರುತ್ತಾನೆ.
ಗೆಳತಿಯರು ನಗುತ್ತಾರೆ. ನಗಲಿ.
ಹೊರಗೆ ಗೆದ್ದು ಬರುವ ಗಂಡಸು
ಊಟದ ಮೇಜಿನಲ್ಲೂ ಗೆಲ್ಲಲು ನೋಡುತ್ತಾನೆ,
ಅದನ್ನು ನನ್ನ ಅಪ್ಪನಲ್ಲಿ ಕಂಡಿದ್ದೇನೆ.

ನನ್ನ ಹವ್ಯಾಸ: ಭಾನುವಾರ ರೈಲ್ವೆ ನಿಲ್ದಾಣದ ಬೆಂಚು,
ಒಂದು ಪೊಟ್ಟಣ ಸೂರ್ಯಕಾಂತಿ ಬೀಜ.
ತಿಬಿಲಿಸಿಯ ರೈಲು ಬರುತ್ತದೆ, ಜನ ಇಳಿಯುತ್ತಾರೆ.
ಅವರಲ್ಲಿ ನನ್ನವರು ಯಾರೂ ಇಲ್ಲ.
ಯಾಕೆ ಹೋಗುತ್ತೀ ಅನ್ನುತ್ತಾರೆ.
ಹವ್ಯಾಸಕ್ಕೆ ಕಾರಣ ಕೇಳುವವರಿಗೆ ಹವ್ಯಾಸವಿರುವುದಿಲ್ಲ.
ನನಗೆ ಐವತ್ತೆಂಟು, ಮೂವತ್ತೆರಡೂ ನನ್ನವೇ.
ಕಡಲೆಯಿದ್ದವರಿಗೆ ಹಲ್ಲು ಹೊಂದಿಸುವುದು ನನ್ನ ಕಸುಬು,
ಹಲ್ಲಿದ್ದವರಿಗೆ ಕಡಲೆ ಹೊಂದಿಸುವುದು ಸರ್ಕಾರದ್ದು.
ನನ್ನ ಪಾಲಿನದನ್ನಂತೂ ಬಾಕಿ ಉಳಿಸಿಲ್ಲ.

ಕಳೆದ ಮಾರ್ಚಿನಲ್ಲಿ ಒಂದು ಅಚ್ಚು ಬಂತು.
ನಂಬರು ನಾನೂರ ಹದಿಮೂರು, ಮುಂದಿನ ಎರಡು ಹಲ್ಲಿಲ್ಲ,
ಪಕ್ಕದ್ದರ ಮೂಲೆ ಚೂರಾಗಿದೆ.
ಆ ಮೂಲೆ ನನಗೆ ಗೊತ್ತು.
ಒಂಬತ್ತು ವರ್ಷದವಳಿದ್ದಾಗ
ತಗಡಿನ ಬಕೆಟ್ಟು ಬೀಸಿ ನಾನೇ ಮುರಿದದ್ದು.
ರಕ್ತ ಒರೆಸಿಕೊಂಡು ಅಮ್ಮನಿಗೆ ಅವಳು ಹೇಳಿದಳು:
ಬಿದ್ದೆ.

ತ್ಸಿಯೂರಿ, ನನ್ನ ತಂಗಿ.
ಹನ್ನೊಂದು ವರ್ಷದಿಂದ ಮಾತಿಲ್ಲ.
ಅಮ್ಮನ ಹೊಲಿಗೆ ಯಂತ್ರ ಯಾರಿಗೆ ಅನ್ನುವುದು ಜಗಳ,
ನಮ್ಮಿಬ್ಬರಿಗೂ ಹೊಲಿಗೆ ಬರುವುದಿಲ್ಲ.
ಅವಳು ರಿಯೋನಿಯ ಆಚೆ ದಡ, ನಾನು ಈಚೆ,
ಸೇತುವೆಗಳಿಗೇನೂ ಬರವಿಲ್ಲ.

ಚೀಟಿಯಲ್ಲಿ ಡಾಕ್ಟರು ಬರೆದಿದ್ದರು: ನೇರ, ಸಮ.
ಅವಳ ಎಡ ಮುಂಬಲ್ಲು ಯಾವತ್ತೂ ನೇರವಿರಲಿಲ್ಲ.
ಬಾಗಿಲಲ್ಲಿ ಇಣುಕುವ ಮಗುವಿನ ಹಾಗೆ
ಸ್ವಲ್ಪ ತಿರುಗಿಯೇ ನಿಂತಿತ್ತು,
ನಕ್ಕರೆ ಮೊದಲು ಅದೇ ನಗುತ್ತಿತ್ತು.
ಸಾಲು ಹಿಡಿದ ಹಲ್ಲು ನನಗೆ ಮೊದಲಿನಿಂದಲೂ ಸೇರದು,
ಯಾರೋ ಹೇಳಿಕೊಟ್ಟ ಉತ್ತರದ ಹಾಗಿರುತ್ತದೆ.
ಮೇಣ ಬಿಸಿ ಮಾಡಿದೆ.
ಕೂದಲೆಳೆಯಷ್ಟು ತಿರುಗಿಸಿದೆ.
ಮತ್ತೆ ನೇರ ಮಾಡಿದೆ, ಕೈ ತೊಳೆದು ಕಾಫಿ ಕುಡಿದೆ,
ಬಂದು ಮತ್ತೆ ತಿರುಗಿಸಿದೆ.

ಕಟ್ಟು ಎರಡು ವಾರಕ್ಕೆ ವಾಪಸು ಬಂತು.
ಎದೆ ಡವಡವ, ಚೀಟಿ ಬಿಚ್ಚಿದೆ:
ಬಲಗಡೆ ದವಡೆಗೆ ಒತ್ತುತ್ತಿದೆ, ತುಸು ಉಜ್ಜಿ ಕೊಡಿ.
ತಿರುಗಿದ ಹಲ್ಲಿನ ಬಗ್ಗೆ ಒಂದಕ್ಷರವಿಲ್ಲ.
ಉಜ್ಜಿ ಕಳಿಸಿದೆ.

ಸಂಜೆ ನುಗ್ಜಾರ್ ಸಿಳ್ಳೆ ಹಾಕದೆ ಬಂದ.
ಏನಾಯಿತು ಅಂದೆ.
ಗೆದ್ದುಬಿಟ್ಟೆ ಅಂದ, ಕಳ್ಳನ ಹಾಗೆ,
ಬೊಂಡೋಗೆ ಬೇಜಾರಾಗಿದೆ, ಅವರ ಮನೆಗೆ
ಎರಡು ರೊಟ್ಟಿ ಕೊಟ್ಟು ಬರುತ್ತೀಯಾ?